ಬೆಟ್ಟ, ಹಿಮ, ಒಂದು ಚುಕ್ಕಿ

ನಾರ್ವೆಯ ಬೆಟ್ಟದ ಸೀಮೆಯಲ್ಲಿ ಡಿಸೆಂಬರ್ ತಿಂಗಳ ಸೂರ್ಯ ಮಧ್ಯಾಹ್ನ ಮೂರು ಗಂಟೆಗೆಲ್ಲ ಮುಳುಗಿಬಿಡುತ್ತಾನೆ. ಊಟ ಮುಗಿಸಿ ಒಂದು ನಿದ್ದೆ ತೆಗೆದು ಎದ್ದರೆ ಹೊರಗೆ ಕತ್ತಲು. ಆದರೆ ಅದು ನಮ್ಮ ಕಡೆಯ ಅಮಾವಾಸ್ಯೆಯ ಕತ್ತಲಲ್ಲ. ನೆಲದ ತುಂಬ ಹಿಮ ಹಾಸಿಕೊಂಡಿರುವುದರಿಂದ ಆಕಾಶದಲ್ಲಿ ಉಳಿದ ಅಷ್ಟಿಷ್ಟು ಬೆಳಕನ್ನೂ ನೆಲ ಮೇಲಕ್ಕೆ ಎಸೆಯುತ್ತದೆ. ಬೇಲಿ ಕಾಣುತ್ತದೆ, ಮರ ಕಾಣುತ್ತದೆ, ದೂರದ ಬೆಟ್ಟದ ಏಣು ಕಾಣುತ್ತದೆ. ಕಾಣುವುದೆಲ್ಲ ನೀಲಿ. ಹೊಸದಾಗಿ ಬಿದ್ದ ಹಿಮದ ಹರಳುಗಳ ಸಂದಿಯಲ್ಲಿ ಗಾಳಿ ತುಂಬಿಕೊಂಡು ಸದ್ದನ್ನು ಹೀರಿಬಿಡುತ್ತದೆ. ಹತ್ತಿರದಲ್ಲೇ ಯಾರೋ ನಡೆದರೂ ದೂರದಲ್ಲೆಲ್ಲೋ ನಡೆದಂತೆ ಕೇಳುತ್ತದೆ. ಮನೆಯಿಂದ ಹೊರಬಂದವರು ತಮಗರಿವಿಲ್ಲದೆಯೇ ದನಿ ತಗ್ಗಿಸುತ್ತಾರೆ.

ಇಂಥ ಒಂದು ರಾತ್ರಿಯನ್ನು ಬಣ್ಣದಲ್ಲಿ ಹಿಡಿಯಲು ಹರಾಲ್ಡ್ ಸೋಲ್‌ಬರ್ಗ್ ಎಂಬ ಕಲಾವಿದ ಸುಮಾರು ಹದಿನೈದು ವರ್ಷ ತಿಣುಕಾಡಿದ. 1914ರಲ್ಲಿ ಪೂರ್ತಿಯಾದ ಆ ಚಿತ್ರದ ಹೆಸರು ‘ಬೆಟ್ಟಗಳಲ್ಲಿ ಚಳಿಗಾಲದ ರಾತ್ರಿ’. ಈಗ ಓಸ್ಲೊದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಅದೇ ಸಂಗ್ರಹಾಲಯದಲ್ಲಿರುವ ಎಡ್ವರ್ಡ್ ಮುಂಕ್‌ನ ‘ಸ್ಕ್ರೀಮ್’ ಚಿತ್ರ ಟೀ ಶರ್ಟಿನಿಂದ ಹಿಡಿದು ಮೊಬೈಲಿನ ಎಮೋಜಿವರೆಗೆ ಎಲ್ಲ ಕಡೆ ಓಡಾಡಿದೆ. ಸೋಲ್‌ಬರ್ಗ್‌ನ ಬೆಟ್ಟ ನಾರ್ವೆಯ ಹೊರಗೆ ಅಷ್ಟಾಗಿ ಹೋಗಿಲ್ಲ. ಕ್ಯಾಲೆಂಡರಿನಲ್ಲೋ ಶುಭಾಶಯ ಪತ್ರದಲ್ಲೋ ಕಂಡಿದ್ದರೂ ಕಂಡಿರಬಹುದು, ಹೆಸರು ಗೊತ್ತಿರುವುದಿಲ್ಲ.

ಇದರಲ್ಲಿ ಮನುಷ್ಯನಿಲ್ಲ, ಕಥೆಯಿಲ್ಲ, ಏನೂ ನಡೆಯುತ್ತಿಲ್ಲ. ಆದರೂ ಎದುರು ನಿಂತವರ ಎದೆಯೊಳಗೆ ಏನೋ ಆಗುತ್ತದೆ. ಬರೀ ಬೆಟ್ಟ ಮತ್ತು ಹಿಮ ಸೇರಿ ಇದನ್ನು ಹೇಗೆ ಮಾಡುತ್ತವೆ?

ಚಿತ್ರದಲ್ಲಿ ಇರುವುದು

ಕ್ಯಾನ್ವಾಸ್ ದೊಡ್ಡದು. ಸುಮಾರು 160 ಸೆಂಟಿಮೀಟರ್ ಎತ್ತರ, 180 ಸೆಂಟಿಮೀಟರ್ ಅಗಲ. ಹತ್ತಿರ ನಿಂತರೆ ನೋಡುವವರ ಕಣ್ಣಿನ ಅಂಚಿನವರೆಗೂ ಹರಡಿಕೊಳ್ಳುತ್ತದೆ.

ನಡುವಿನಲ್ಲಿ ದುಂಡನೆಯ ಭಾರೀ ಬೆಟ್ಟಗಳು, ಹಿಮದಲ್ಲಿ ಮುಚ್ಚಿಹೋಗಿವೆ. ಅವುಗಳ ಕೆಳಗೆ ಕಪ್ಪು ಕಾಡಿನ ಪಟ್ಟಿ. ಕಾಡಿನ ಈಚೆ, ನಮ್ಮ ಕಾಲ ಬುಡದವರೆಗೂ ಹಿಮದ ಬಯಲು. ಎಡಕ್ಕೂ ಬಲಕ್ಕೂ ಎಲೆ ಉದುರಿದ ಮರಗಳು ಬಾಗಿಲ ಪಟ್ಟಿಗಳಂತೆ ನಿಂತಿವೆ. ಬೆಟ್ಟಗಳ ನಡುವೆ, ಆಕಾಶದಲ್ಲಿ ಒಂದು ಚುಕ್ಕಿ ಎದ್ದು ಕಾಣುತ್ತದೆ. ಶುಕ್ರಗ್ರಹ ಎನ್ನುವುದು ಸಾಮಾನ್ಯ ಅಭಿಪ್ರಾಯ. ಚಂದ್ರ ಚಿತ್ರದಲ್ಲಿಲ್ಲ, ಅವನ ಬೆಳಕು ಮಾತ್ರ ಇದೆ. ಎಲ್ಲೋ ನಮ್ಮ ಬೆನ್ನ ಹಿಂದಿನಿಂದ ಬಂದು ಬೆಟ್ಟದ ಮೈಮೇಲೆ ಬಿದ್ದಿದೆ.

ಮರಗಳನ್ನು ಹತ್ತಿರದಿಂದ ನೋಡಬೇಕು. ದೂರಕ್ಕೆ ಅವು ಕಪ್ಪು ಗೆರೆಗಳ ಗೋಜಲು. ಹತ್ತಿರ ಹೋದರೆ ಒಂದೊಂದು ಕಡ್ಡಿಯನ್ನೂ ಬೇರೆಬೇರೆಯಾಗಿ ಬರೆದಿರುವುದು ಗೊತ್ತಾಗುತ್ತದೆ. ಒಂದು ಕೊಂಬೆ ಮೇಲಕ್ಕೆ ಹೊರಟು ಮನಸ್ಸು ಬದಲಿಸಿದಂತೆ ಕೆಳಗೆ ಬಾಗುತ್ತದೆ, ಅದರ ತುದಿ ಮತ್ತೊಂದು ಕೊಂಬೆಗೆ ಸಿಕ್ಕಿಕೊಂಡಿದೆ, ಅಲ್ಲಿಂದ ಕೂದಲೆಳೆಯಂಥ ಕವಲುಗಳು ಹೊರಟಿವೆ. ಬೆಟ್ಟಗಳು ಎಷ್ಟು ನುಣುಪೋ ಮರಗಳು ಅಷ್ಟೇ ತಳಮಳದವು. ಮುಂದೆ ಸಂಕಟ, ಹಿಂದೆ ಶಾಂತಿ. ಎರಡರ ನಡುವೆ ದಾಟಲು ದಾರಿಯೇ ಇಲ್ಲದ ಒಂದು ಕಣಿವೆ. ಚಿತ್ರದ ಅರ್ಥವೆಲ್ಲ ಈ ಜೋಡಣೆಯಲ್ಲೇ ಇದೆ ಎಂದು ನನಗನ್ನಿಸುತ್ತದೆ.

ಶಿಖರವೊಂದರ ಮೇಲೆ ಬಂಡೆಯ ಬಿರುಕೇ ಇರಬೇಕು ಎನ್ನಿಸುವಂಥ ಒಂದು ಸಣ್ಣ ಶಿಲುಬೆಯೂ ಇದೆ. ಹುಡುಕಿದವರಿಗಷ್ಟೇ ಸಿಗುತ್ತದೆ. ಸೋಲ್‌ಬರ್ಗ್ ಅದನ್ನು ತೋರಿಸಿಯೂ ತೋರಿಸದಂತೆ ಇಟ್ಟಿದ್ದಾನೆ.

ಈಸ್ಟರ್ ಹೊತ್ತಿನ ಪಯಣ

ಸೋಲ್‌ಬರ್ಗ್ ಹುಟ್ಟಿದ್ದು 1869ರಲ್ಲಿ, ಆಗ ಕ್ರಿಸ್ಟಿಯಾನಿಯಾ ಎನ್ನಿಸಿಕೊಂಡಿದ್ದ ಇಂದಿನ ಓಸ್ಲೊದಲ್ಲಿ. ಅಪ್ಪ ತುಪ್ಪಳದ ವ್ಯಾಪಾರಿ, ಮನೆ ತುಂಬ ಮಕ್ಕಳು. ಹುಡುಗ ಮೊದಲು ಕಲಿತದ್ದು ಗೋಡೆ, ಬಾಗಿಲು, ಛಾವಣಿಗಳಿಗೆ ಅಲಂಕಾರದ ಬಣ್ಣ ಹಚ್ಚುವ ಕಸುಬನ್ನು. ಆ ಕಸುಬಿನ ಅಚ್ಚುಕಟ್ಟು ಕೊನೆಯವರೆಗೂ ಅವನ ಕೈ ಬಿಡಲಿಲ್ಲ. ಅವನಿಗಿಂತ ಆರು ವರ್ಷ ದೊಡ್ಡವನಾದ ಮುಂಕ್ ಬಣ್ಣವನ್ನು ಕ್ಯಾನ್ವಾಸಿನ ಮೇಲೆ ಹರಿಯಬಿಡುತ್ತಿದ್ದ. ಸೋಲ್‌ಬರ್ಗ್ ಮೊದಲು ಗೆರೆಗಳನ್ನು ಖಚಿತವಾಗಿ ಹಾಕಿಕೊಂಡು, ಅದರ ಮೇಲೆ ತೆಳುವಾದ, ಪಾರದರ್ಶಕ ಬಣ್ಣವನ್ನು ಪದರ ಪದರವಾಗಿ ಏರಿಸುತ್ತಿದ್ದ. ಕುಂಚ ಆಡಿದ ಗುರುತೇ ಕಾಣಬಾರದು.

1899ರ ಈಸ್ಟರ್ ಸಮಯದಲ್ಲಿ ಅವನು ಸ್ಕೀ ಕಟ್ಟಿಕೊಂಡು ರೊಂಡಾನೆ ಬೆಟ್ಟಗಳ ಕಡೆಗೆ ಹೋದ. ಈ ಸಾಲಿನ ಅತಿ ಎತ್ತರದ ಶಿಖರ 2,178 ಮೀಟರ್. ಹಿಮಾಲಯದ ಲೆಕ್ಕದಲ್ಲಿ ಅದೇನೂ ಅಲ್ಲ, ನಮ್ಮ ಮುಳ್ಳಯ್ಯನಗಿರಿಗಿಂತ ಒಂದಿಷ್ಟು ಎತ್ತರ ಅಷ್ಟೇ. ಆದರೆ ಉತ್ತರ ಧ್ರುವಕ್ಕೆ ಅಷ್ಟು ಹತ್ತಿರದಲ್ಲಿ ಕಾಡು ಬೇಗ ಮುಗಿದುಹೋಗುತ್ತದೆ. ಅಲ್ಲಿಂದ ಮೇಲಕ್ಕೆ ಬರೀ ಕಲ್ಲು, ಅದರ ಮೇಲೆ ಹಿಮ.

ಅಲ್ಲಿನ ಒಂದು ರಾತ್ರಿಯ ನೋಟ ಅವನನ್ನು ಹಿಡಿದುಕೊಂಡಿತು. ವರ್ಷಗಳ ನಂತರ ಅದನ್ನು ನೆನೆದು ಅವನು ಬರೆದಿದ್ದಾನೆ: ಬಿಳಿ ಬೆಟ್ಟಗಳ ಮೇಲೆ ನಕ್ಷತ್ರ ತುಂಬಿದ ಆಕಾಶ ಕವಿದಿರಲು ದೊಡ್ಡ ಇಗರ್ಜಿಯೊಂದರ ಪೂಜೆಯ ನಡುವೆ ನಿಂತಂತೆ ಆಯಿತಂತೆ, ನಿಂತಷ್ಟೂ ತಾನು ಕೊನೆಯಿಲ್ಲದ ವಿಶ್ವದಲ್ಲಿ ಒಂಟಿಯಾದ ಒಂದು ಕ್ಷುದ್ರ ಕಣ ಎನ್ನಿಸತೊಡಗಿತಂತೆ. ಪೂಜೆಯ ನೆಮ್ಮದಿ, ಕಣವಾಗಿಬಿಡುವ ದಿಗಿಲು ಎರಡೂ ಒಂದೇ ನೆನಪಿನಲ್ಲಿ ಬೆರೆತಿವೆ.

ಮರುವರ್ಷವೇ ಅವನು ಪಟ್ಟಣ ಬಿಟ್ಟು ಆ ಬೆಟ್ಟಗಳ ಎದುರು, ಆಟ್ನ ಸರೋವರದ ಸೀಮೆಯಲ್ಲಿ ಬಂದು ನೆಲೆಸಿದ. 1901ರಲ್ಲಿ ಮದುವೆಯಾಯಿತು. 1902ರವರೆಗೂ ಅಲ್ಲೇ ಇದ್ದ. ಚಳಿಗಾಲದ ರಾತ್ರಿ ಹೊರಗೆ ನಿಂತು ರೇಖಾಚಿತ್ರ ಮಾಡುವುದೆಂದರೆ ಹುಡುಗಾಟವಲ್ಲ. ಬೆರಳು ಮರಗಟ್ಟುತ್ತದೆ, ಜಲವರ್ಣದ ನೀರು ಹೆಪ್ಪುಗಟ್ಟುತ್ತದೆ, ಬರೆಯುತ್ತಿರುವುದು ಸರಿಯಾಗಿ ಕಾಣಿಸುವುದೂ ಇಲ್ಲ. ಚಿತ್ರ ಕೈಗೆ ಹತ್ತಲಿಲ್ಲ. ಪಕ್ಕಕ್ಕಿಟ್ಟು ಗಣಿ ಊರಾದ ರ‍್ಯೋರೋಸ್‌ಗೆ ಹೋಗಿ ಅಲ್ಲಿನ ಮರದ ಮನೆಗಳ ಬೀದಿಗಳನ್ನು ಬರೆದ. ಹೂವಿನ ಬಯಲು ಬರೆದ, ಬೆಸ್ತರ ಗುಡಿಸಲು ಬರೆದ. ಬೆಟ್ಟ ಮಾತ್ರ ತಲೆಯಲ್ಲಿ ಹಾಗೇ ಕೂತಿತ್ತು.

ಹಿಮ ಮನಸ್ಸಿನ ಮಾತಾದದ್ದು

ಯುರೋಪಿನ ಚಿತ್ರಗಳಲ್ಲಿ ಹಿಮ ಮೊದಲಿಂದಲೂ ಹೀಗೆ ಏಕಾಂತದ ವಸ್ತುವಾಗಿರಲಿಲ್ಲ. 15ನೇ ಶತಮಾನದ ಆರಂಭದಲ್ಲಿ ಲಿಂಬುರ್ಗ್ ಸಹೋದರರು ಫ್ರಾನ್ಸಿನ ಒಬ್ಬ ಡ್ಯೂಕ್‌ಗಾಗಿ ಸಿದ್ಧಪಡಿಸಿದ ಪ್ರಾರ್ಥನಾ ಪುಸ್ತಕದ ಫೆಬ್ರವರಿ ಪುಟದಲ್ಲಿ ಹಿಮವಿದೆ. ಅಲ್ಲಿ ರೈತರು ಬೆಂಕಿಗೆ ಕಾಲು ಚಾಚಿ ಕೂತಿದ್ದಾರೆ, ಕುರಿಗಳು ಕೊಟ್ಟಿಗೆಯಲ್ಲಿ ಒತ್ತಿಕೊಂಡಿವೆ. 1565ರಲ್ಲಿ ಪೀಟರ್ ಬ್ರೂಗೆಲ್ ಬರೆದ ‘ಹಿಮದಲ್ಲಿ ಬೇಟೆಗಾರರು’ ಚಿತ್ರದಲ್ಲೂ ಅಷ್ಟೇ: ಹೆಚ್ಚುಕಡಿಮೆ ಬರಿಗೈಯಲ್ಲಿ, ಒಂದೇ ಒಂದು ನರಿ ಹೊತ್ತು ಬರುತ್ತಿರುವ ಬೇಟೆಗಾರರು, ತಲೆ ಜೋತುಬಿದ್ದ ನಾಯಿಗಳು, ದೂರದ ಕೆರೆಯ ಮೇಲೆ ಜಾರಾಟವಾಡುವ ಜನ. ಯುರೋಪಿನ ಚಳಿಗಾಲಗಳು ಭೀಕರವಾಗಿದ್ದ ಕಾಲ ಅದು. ಹಿಮವೆಂದರೆ ಹಸಿವು, ಸೌದೆ, ಮಧ್ಯೆ ಒಂದಿಷ್ಟು ಆಟ. ಅದು ಊರಿನ ಸಂಗತಿ.

ಅದನ್ನು ಒಬ್ಬಂಟಿಯ ಸಂಗತಿ ಮಾಡಿದವರಲ್ಲಿ ಮುಖ್ಯನಾದವನು ಜರ್ಮನಿಯ ಕಾಸ್ಪರ್ ಡೇವಿಡ್ ಫ್ರೀಡ್ರಿಶ್. ಅವನಿಗೆ ಹದಿಮೂರು ವರ್ಷವಾಗಿದ್ದಾಗ, 1787ರಲ್ಲಿ, ತಮ್ಮ ನೀರಿನಲ್ಲಿ ಮುಳುಗಿ ಸತ್ತ. ಫ್ರೀಡ್ರಿಶ್‌ನ ಚಿತ್ರಗಳಲ್ಲಿ ಹಿಮ, ಬೋಳು ಓಕ್ ಮರ, ಪಾಳುಬಿದ್ದ ಚರ್ಚು, ಶಿಲುಬೆ ಮತ್ತೆ ಮತ್ತೆ ಬರುತ್ತವೆ. ಸಾವನ್ನು ಅವನು ಚಿತ್ರದಲ್ಲಿ ತೋರಿಸುವುದಿಲ್ಲ, ಹವೆಯಲ್ಲಿ ತುಂಬುತ್ತಾನೆ. ನಾರ್ವೆಯ ನಿಸರ್ಗಚಿತ್ರ ಪರಂಪರೆಗೆ ಬುನಾದಿ ಹಾಕಿದ ಜೆ.ಸಿ. ಡಾಲ್ ಡ್ರೆಸ್ಡೆನ್ ನಗರದಲ್ಲಿ ಫ್ರೀಡ್ರಿಶ್ ಇದ್ದ ಮನೆಯಲ್ಲೇ ವಾಸವಾಗಿದ್ದ. ಹೀಗೆ ನಿಸರ್ಗವನ್ನು ಮನಸ್ಸಾಗಿ ನೋಡುವ ದಾರಿ ಉತ್ತರಕ್ಕೆ ಬಹಳ ಹಿಂದೆಯೇ ತೆರೆದಿತ್ತು.

ಅತ್ತ ಜಪಾನಿನಲ್ಲಿ ಹಿರೋಶಿಗೆ ಎಂಬ ಕಲಾವಿದ 1830ರ ದಶಕದಲ್ಲಿ ಕಂಬಾರಾ ಎಂಬ ಊರಿನ ಮೇಲೆ ರಾತ್ರಿಯ ಹಿಮ ಸುರಿಸಿದ. ನಿಜಕ್ಕೆ ಆ ಊರಿನಲ್ಲಿ ಅಷ್ಟು ಹಿಮ ಬೀಳುವುದೇ ಅಪರೂಪ. ಕಲಾವಿದನಿಗೆ ಬೇಕಾಗಿದ್ದದ್ದು ಹವಾಮಾನದ ವರದಿಯಲ್ಲ, ಆ ಮೌನ.

ನೀಲಿ ಎಲ್ಲಿಂದ ಬಂತು

ಸೋಲ್‌ಬರ್ಗ್‌ನ ಚಿತ್ರವನ್ನು ಮೊದಲ ಸಲ ನೋಡಿದವರು ‘ಇಷ್ಟೊಂದು ನೀಲಿಯೇ?’ ಎನ್ನುತ್ತಾರೆ. ಹಿಮ ಬಿಳಿ ಎಂದಲ್ಲವೇ ನಾವು ಕಲಿತದ್ದು.

ಹಿಮಕ್ಕೆ ಸ್ವಂತ ಬಣ್ಣ ಎನ್ನುವುದು ಇಲ್ಲವೆಂದರೂ ನಡೆದೀತು. ಹೊಸ ಹಿಮ ತನ್ನ ಮೇಲೆ ಬಿದ್ದ ಬೆಳಕಿನ ಶೇ 80ರಿಂದ 90ರಷ್ಟನ್ನು ಹಿಂದಕ್ಕೆ ಕಳಿಸುತ್ತದೆ. ಎಂಥ ಬೆಳಕು ಬಿತ್ತೋ ಅಂಥ ಬಣ್ಣ. ನಡುಹಗಲಿನಲ್ಲಿ ಬಿಳಿ, ಮುಂಜಾನೆ ಕೆಂಪು. ನೇರ ಬಿಸಿಲು ತಾಗದ ನೆರಳಿನ ಮೇಲೆ ಬೀಳುವುದು ನೀಲಿ ಆಕಾಶದ ಬೆಳಕು ಮಾತ್ರವಾದ್ದರಿಂದ ನೆರಳು ನೀಲಿ. ಫ್ರೆಂಚ್ ಕಲಾವಿದ ಕ್ಲೋದ್ ಮೊನೆ ಇದನ್ನು ಗಮನಿಸಿ, 1868–69ರ ಚಳಿಗಾಲದಲ್ಲಿ ಬೇಲಿಯ ಮೇಲೆ ಕೂತ ಒಂದು ಹಕ್ಕಿಯ ಚಿತ್ರದಲ್ಲಿ ಹಿಮದ ನೆರಳಿಗೆ ನೀಲಿ ಹಚ್ಚಿದ. ಪ್ಯಾರಿಸ್ಸಿನ ಅಧಿಕೃತ ಪ್ರದರ್ಶನದ ತೀರ್ಪುಗಾರರು ಅದನ್ನು ಹಿಂದಕ್ಕೆ ಕಳಿಸಿದರು. ಇನ್ನು ಬಿಳಿಯನ್ನು ಬಿಳಿಯಾಗಿ ತೋರಿಸಲು ನೀಲಿಯೇ ಬೇಕು ಎನ್ನುವುದು ನಮ್ಮ ಮನೆಗಳಲ್ಲಿ ಬಿಳಿ ಪಂಚೆಯನ್ನು ನೀಲಿ ನೀರಿನಲ್ಲಿ ಅದ್ದಿ ತೆಗೆದವರಿಗೆಲ್ಲ ಗೊತ್ತಿರುವ ವಿಷಯ.

ರಾತ್ರಿಯ ನೀಲಿ ಮಾತ್ರ ಇನ್ನೂ ವಿಚಿತ್ರ. ಹುಣ್ಣಿಮೆಯ ಬೆಳಕು ಬಿಸಿಲಿಗಿಂತ ಸುಮಾರು ನಾಲ್ಕು ಲಕ್ಷ ಪಟ್ಟು ಮಂದ. ಆದರೆ ಬಣ್ಣದಲ್ಲಿ ಅದು ನೀಲಿಯೇನಲ್ಲ. ಚಂದ್ರನ ನೆಲಕ್ಕೆ ತಾಗಿ ಬಂದ ಸೂರ್ಯನ ಬೆಳಕೇ ಅದು; ಅಳೆದು ನೋಡಿದರೆ ಬಿಸಿಲಿಗಿಂತ ಒಂದು ಎಳೆ ಕೆಂಪಿನ ಕಡೆಗೇ ಇದೆ. ಬೆಳದಿಂಗಳಲ್ಲಿ ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲಿಟ್ಟು ಬಹಳ ಹೊತ್ತು ಶಟರ್ ತೆರೆದಿಟ್ಟರೆ ಬರುವ ಚಿತ್ರ ಹೆಚ್ಚುಕಡಿಮೆ ಹಗಲಿನಂತೆಯೇ ಕಾಣುತ್ತದೆ, ಎಲೆ ಹಸಿರು, ಮಣ್ಣು ಕಂದು.

ಹಾಗಾದರೆ ನೀಲಿ ಎಲ್ಲಿದೆ? ನಮ್ಮ ಕಣ್ಣಿನಲ್ಲಿ. ಅಕ್ಷಿಪಟಲದಲ್ಲಿ ಬಣ್ಣ ಗುರುತಿಸುವ ಶಂಕು ಕೋಶಗಳು ಸುಮಾರು 60 ಲಕ್ಷ ಇವೆ. ಮಂದ ಬೆಳಕಿನಲ್ಲಿ ಕೆಲಸ ಮಾಡುವ ದಂಡ ಕೋಶಗಳು ಸುಮಾರು 12 ಕೋಟಿ. ಕತ್ತಲಾಗುತ್ತಿದ್ದಂತೆ ಶಂಕುಗಳು ಕೈಚೆಲ್ಲಿ ದಂಡಗಳು ಕೆಲಸಕ್ಕೆ ಇಳಿಯುತ್ತವೆ. ಇವು ಕೆಂಪಿಗೆ ಬಹುತೇಕ ಕುರುಡು, ನೀಲಿ–ಹಸಿರಿನ ಕಡೆಗೆ ಚುರುಕು. ಸಂಜೆ ತೋಟದಲ್ಲಿ ದಾಸವಾಳ ಮೊದಲು ಕಪ್ಪಾಗಿ, ಶಂಖಪುಷ್ಪ ಇನ್ನೂ ಒಂದಿಷ್ಟು ಹೊತ್ತು ಹೊಳೆಯುವುದು ಇದೇ ಕಾರಣಕ್ಕೆ. 19ನೇ ಶತಮಾನದ ಆರಂಭದಲ್ಲಿ ಬೊಹೀಮಿಯಾದ ಯಾನ್ ಪುರ್ಕಿನ್ಯೆ ಇದನ್ನು ಹೂಗಳಲ್ಲೇ ಗಮನಿಸಿ ಬರೆದಿಟ್ಟ. ಬೆಳದಿಂಗಳು ನಮಗೆ ನೀಲಿಯಾಗಿಯೇ ಅನುಭವಕ್ಕೆ ಬರುವುದೇಕೆ ಎನ್ನುವುದರ ಪೂರ್ತಿ ವಿವರಣೆಯ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಒಮ್ಮತ ಬಂದಿಲ್ಲ. ಆದರೆ ಅದು ಬೆಟ್ಟದ ಗುಣಕ್ಕಿಂತ ನೋಟದ ಗುಣ ಎನ್ನುವುದು ಖಚಿತ.

ಸೋಲ್‌ಬರ್ಗ್ ಬರೆದದ್ದು ಬೆಟ್ಟವನ್ನಲ್ಲ, ಕತ್ತಲಲ್ಲಿ ಬೆಟ್ಟದ ಎದುರು ನಿಂತ ಒಬ್ಬನ ಕಣ್ಣಿಗೆ ಆಗುವ ಅನುಭವವನ್ನು. ಅವನ ತೆಳು ಪದರಗಳ ವಿಧಾನ ಇಲ್ಲಿ ಸಾರ್ಥಕವಾಗುತ್ತದೆ. ದಪ್ಪ ಬಣ್ಣ ಬೆಳಕನ್ನು ಮೇಲ್ಮೈಯಲ್ಲೇ ತಡೆದು ತಿರುಗಿಸುತ್ತದೆ. ಪಾರದರ್ಶಕ ಪದರಗಳಾದರೆ ಬೆಳಕು ಒಳಗಿಳಿದು, ಕೆಳಗಿನ ತಿಳಿ ತಳಕ್ಕೆ ತಾಗಿ, ನೀಲಿಯನ್ನು ಹೊತ್ತು ಹೊರಬರುತ್ತದೆ. ಅದಕ್ಕೇ ಆ ಬೆಟ್ಟಗಳು ಒಳಗಿನಿಂದ ಬೆಳಗುವಂತೆ ಕಾಣುವುದು. ಅಚ್ಚಾದ ಪುಟದಲ್ಲಿ ಈ ಗುಣ ಸತ್ತುಹೋಗುತ್ತದೆ. ಒಂದು ಪುಸ್ತಕದಲ್ಲಿ ಶಾಯಿಯಂಥ ನೀಲಿ, ಇನ್ನೊಂದರಲ್ಲಿ ನವಿಲುಗರಿಯ ನೀಲಿ. ಮೊಬೈಲ್ ಪರದೆಯಲ್ಲಂತೂ ಬ್ರೈಟ್‌ನೆಸ್ ಎಷ್ಟಿಟ್ಟರೆ ಅಷ್ಟು.

ಚುಕ್ಕಿಯ ವಿಷಯಕ್ಕೆ ಬಂದರೆ, ಅದು ಶುಕ್ರನೇ ಆಗಿದ್ದರೆ ಚಿತ್ರದ ಸಮಯ ನಡುರಾತ್ರಿ ಆಗಲಾರದು. ಸೂರ್ಯನಿಂದ ಬಹಳ ದೂರ ಸರಿಯದ ಗ್ರಹ ಅದು. ಮುಸ್ಸಂಜೆ ಕಳೆದ ಮೇಲೆ ಪಶ್ಚಿಮದಲ್ಲೋ ಬೆಳಗಿಗೆ ಮುಂಚೆ ಪೂರ್ವದಲ್ಲೋ ಮಾತ್ರ ಸಿಗುತ್ತದೆ. ಆಟ್ನ ಸರೋವರದ ಕಡೆಯಿಂದ ನೋಡಿದರೆ ರೊಂಡಾನೆ ಇರುವುದು ಪಶ್ಚಿಮಕ್ಕೆ. ಹಾಗಾಗಿ ಇದು ಶುಕ್ರ ಇಳಿಯುತ್ತಿರುವ, ಬೆನ್ನ ಹಿಂದೆ ಪೂರ್ವದಲ್ಲಿ ಚಂದ್ರ ಮೇಲೇರಿರುವ ರಾತ್ರಿಯ ಮೊದಲ ಜಾವ ಇರಬೇಕೆಂದು ನಾನು ಊಹಿಸಿಕೊಂಡಿದ್ದೇನೆ. ಕಲಾವಿದರು ಪಂಚಾಂಗ ನೋಡಿ ಬಣ್ಣ ಹಚ್ಚುವುದಿಲ್ಲ ಎನ್ನುವುದೂ ಗೊತ್ತು.

ಅಳಿಸಿದ್ದೇ ಹೆಚ್ಚು

ಅವನು ಕಂಡದ್ದು ನಕ್ಷತ್ರ ಕಿಕ್ಕಿರಿದ ಆಕಾಶ. ಚಿತ್ರದಲ್ಲಿ ಎದ್ದು ಕಾಣುವುದು ಒಂದು ಚುಕ್ಕಿ. ಬೆಟ್ಟಗಳ ಆಕಾರವನ್ನೂ ಅವನು ಸರಳಗೊಳಿಸಿದ್ದಾನೆ, ತೂಕಕ್ಕೆ ತೂಕ ನಿಲ್ಲಿಸಿದ್ದಾನೆ. ಬಂಡೆಯ ಒರಟು, ಕೊರಕಲು, ಗಾಳಿ ಹೊಡೆದ ಗುರುತು ಎಲ್ಲ ಕರಗಿ ದುಂಡು ಮೈ ಉಳಿದಿದೆ. ಸುತ್ತ ಹೊಲಮನೆಗಳಿದ್ದವು, ಅವನೇ ಅಂಥದೊಂದರಲ್ಲಿ ವಾಸವಾಗಿದ್ದ. ಚಿತ್ರದಲ್ಲಿ ಒಂದು ದೀಪವಿಲ್ಲ, ಹೊಗೆಯಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ಹಿಮದ ಮೇಲೆ ಸ್ಕೀ ಹಾದುಹೋದ ಗೆರೆಯಿಲ್ಲ. ಅವನು ಅಲ್ಲಿಗೆ ಹೋದದ್ದೇ ಸ್ಕೀ ಮೇಲೆ. ಅದು ನಾರ್ವೆಯ ಸ್ಕೀ ವೀರರ ಕಾಲ ಬೇರೆ. 1888ರಲ್ಲಿ ಫ್ರಿಟ್ಯೋಫ್ ನಾನ್ಸೆನ್ ಸ್ಕೀ ಮೇಲೆ ಗ್ರೀನ್‌ಲ್ಯಾಂಡ್ ದಾಟಿದ್ದ. 1911ರಲ್ಲಿ ರೂಆಲ್ ಅಮುಂಡ್ಸೆನ್ ದಕ್ಷಿಣ ಧ್ರುವದಲ್ಲಿ ಬಾವುಟ ನೆಟ್ಟಿದ್ದ. ದೇಶವೆಲ್ಲ ಹಿಮವನ್ನು ಗೆದ್ದವರನ್ನು ಕೊಂಡಾಡುತ್ತಿದ್ದಾಗ ಸೋಲ್‌ಬರ್ಗ್ ಯಾರ ಹೆಜ್ಜೆಯೂ ಬೀಳದ ಹಿಮವನ್ನು ಬರೆಯುತ್ತಾ ಕೂತಿದ್ದ. ಇಲ್ಲಿ ಗೆಲ್ಲುವ ಮಾತಿಲ್ಲ. ನಿಲ್ಲುವುದು, ನೋಡುವುದು ಅಷ್ಟೇ.

ಮನುಷ್ಯನನ್ನು ತೆಗೆದುಹಾಕಿದ್ದರ ಪರಿಣಾಮ ನೇರವಾಗಿ ನೋಡುಗರ ಮೇಲೆ ಆಗುತ್ತದೆ. ಫ್ರೀಡ್ರಿಶ್‌ನ ಎಷ್ಟೋ ಚಿತ್ರಗಳಲ್ಲಿ ನಮಗೆ ಬೆನ್ನು ಮಾಡಿ ನಿಂತ ಒಬ್ಬ ವ್ಯಕ್ತಿ ಇರುತ್ತಾನೆ. ನಾವು ಅವನ ಹೆಗಲ ಮೇಲಿಂದ ನೋಡುತ್ತೇವೆ, ಒಂಟಿತನ ಅವನದು, ನಮ್ಮದಲ್ಲ. ಸೋಲ್‌ಬರ್ಗ್ ಆ ಜಾಗವನ್ನು ಖಾಲಿ ಬಿಟ್ಟ. ಎರಡೂ ಕಡೆಯ ಮರಗಳು ಆ ಜಾಗವನ್ನು ತೋರಿಸಿ ಕೊಡುತ್ತವೆ. ಅಲ್ಲಿ ನಿಲ್ಲಲು ಚಿತ್ರದ ಎದುರಿಗೆ ಬಂದವರನ್ನು ಬಿಟ್ಟರೆ ಬೇರೆ ಯಾರೂ ಇಲ್ಲ.

ನೆಮ್ಮದಿಯೋ ದಿಗಿಲೋ

ಚಿತ್ರದ ಭಾವ ಯಾವುದು ಎಂದು ಕೇಳಿದರೆ ಹೆಚ್ಚಿನವರು ‘ಶಾಂತಿ’ ಎನ್ನುತ್ತಾರೆ. ಅರ್ಧ ಮಾತ್ರ ನಿಜ ಎಂದು ನನ್ನ ಅನಿಸಿಕೆ.

ಬೆಟ್ಟಗಳ ಸಮತೋಲ, ತಣ್ಣನೆಯ ಬಣ್ಣ, ನಡುವಿನ ಬೆಳಕಿನ ಬಿಂದು ಇವೆಲ್ಲ ಗರ್ಭಗುಡಿಯ ಎದುರು ನಿಂತಾಗಿನ ಒಂದು ಬಗೆಯ ಸಮಾಧಾನ ಕೊಡುತ್ತವೆ. ಆದರೆ ಅಷ್ಟೇ ಆಗಿದ್ದರೆ ಅದು ಶುಭಾಶಯ ಪತ್ರದ ಚಿತ್ರವಾಗಿ ಮುಗಿಯುತ್ತಿತ್ತು. ಆ ಮರಗಳು ಹಾಗಾಗಲು ಬಿಡುವುದಿಲ್ಲ. ಅವುಗಳ ಕೊಂಬೆಗಳಲ್ಲಿ ಚಳಿಯಿದೆ, ಸೆಟೆದ ಬೆರಳುಗಳ ನೋವಿದೆ. ಬೆಟ್ಟಗಳಿಗೆ ಇದು ಸಂಬಂಧವೇ ಇಲ್ಲ. ಅವು ಕ್ರೂರಿಗಳಲ್ಲ, ದಯಾಳುಗಳೂ ಅಲ್ಲ. ನಾವು ಇದ್ದರೂ ಸರಿ, ಇಲ್ಲದಿದ್ದರೂ ಸರಿ.

ದೊಡ್ಡದರ ಎದುರು ನಿಂತಾಗ ಹುಟ್ಟುವ ಈ ಬೆರಕೆ ಭಾವ ನಮ್ಮ ಕಾವ್ಯಮೀಮಾಂಸೆಗೆ ಹೊಸದಲ್ಲ. ಅದ್ಭುತ, ಭಯಾನಕ, ಶಾಂತ ಮೂರನ್ನೂ ರಸಗಳೆಂದೇ ಎಣಿಸಿದ ಪರಂಪರೆ ನಮ್ಮದು. ಒಂದರೊಳಗೆ ಇನ್ನೊಂದು ಸೇರಿಕೊಳ್ಳುವುದನ್ನು ಯಕ್ಷಗಾನದ ಪ್ರೇಕ್ಷಕರೂ ಬಲ್ಲರು. ಸೋಲ್‌ಬರ್ಗ್‌ನ ಚಿತ್ರದಲ್ಲಿ ಕಣ್ಣು ಮರದಿಂದ ಬೆಟ್ಟಕ್ಕೆ, ಬೆಟ್ಟದಿಂದ ಚುಕ್ಕಿಗೆ ಹೋಗುವಷ್ಟರಲ್ಲಿ ದಿಗಿಲು ಬೆರಗಾಗುತ್ತದೆ. ಚುಕ್ಕಿಯಿಂದ ಮತ್ತೆ ಕೆಳಗಿಳಿದರೆ ಕಪ್ಪು ಕಾಡು, ದಿಗಿಲು ಮರಳುತ್ತದೆ. ಆ ಶಿಲುಬೆಯನ್ನು ಅಡಗಿಸಿಟ್ಟದ್ದೂ ಒಳ್ಳೆಯದೇ ಆಯಿತು. ಎದ್ದು ಕಾಣುವಂತಿದ್ದರೆ ಪ್ರಶ್ನೆಗೆ ಉತ್ತರ ಸಿಕ್ಕಿಬಿಡುತ್ತಿತ್ತು.

ದೇಶದ ಚಿತ್ರವಾದದ್ದು

ಸ್ವೀಡನ್ ಜೊತೆಗಿನ ಒಕ್ಕೂಟದಿಂದ ನಾರ್ವೆ ಬಿಡಿಸಿಕೊಂಡದ್ದು 1905ರಲ್ಲಿ. 1914ರಲ್ಲಿ ಅದರ ಸಂವಿಧಾನಕ್ಕೆ ನೂರು ವರ್ಷ ತುಂಬಿತು. ಕ್ರಿಸ್ಟಿಯಾನಿಯಾದ ಫ್ರೋಗ್ನರ್‌ನಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯಿತು. ಸೋಲ್‌ಬರ್ಗ್‌ನ ಬೆಟ್ಟ ಜನರ ಮುಂದೆ ಬಂದದ್ದು ಅಲ್ಲಿ. ಪ್ರದರ್ಶನ ನಡೆದಿರುವಾಗಲೇ ಯುರೋಪಿನಲ್ಲಿ ಮಹಾಯುದ್ಧ ಶುರುವಾಯಿತು. ನಂತರ ಚಿತ್ರ ದಾನವಾಗಿ ದೇಶದ ಸಂಗ್ರಹಕ್ಕೆ ಸೇರಿತು. 1917ರಲ್ಲಿ ಸೋಲ್‌ಬರ್ಗ್ ಅದನ್ನೇ ಬಣ್ಣದ ಕಲ್ಲಚ್ಚಿನಲ್ಲಿ ತಂದ. ತೈಲದಲ್ಲಿ, ಜಲವರ್ಣದಲ್ಲಿ ಅದರ ಬೇರೆ ರೂಪಗಳೂ ಇವೆ. ಮುಗಿಸಿದ ಮೇಲೂ ಬೆಟ್ಟ ಅವನನ್ನು ಬಿಡಲಿಲ್ಲ ಎಂದಾಯಿತು. ಅವನು ತೀರಿಕೊಂಡದ್ದು 1935ರಲ್ಲಿ.

1995ರಲ್ಲಿ ನಾರ್ವೆಯ ಬಾನುಲಿ ಸಂಸ್ಥೆ ಎನ್‌ಆರ್‌ಕೆ ನಡೆಸಿದ ಮತದಾನದಲ್ಲಿ ಕೇಳುಗರು ಇದನ್ನೇ ದೇಶದ ಚಿತ್ರವೆಂದು ಆರಿಸಿದರು. ಮುಂಕ್‌ನ ನಾಡಿನಲ್ಲಿ ಹೀಗಾದದ್ದು ಹೊರಗಿನವರಿಗೆ ಅಚ್ಚರಿ. ಆದರೆ ‘ಸ್ಕ್ರೀಮ್’ ಪಟ್ಟಣದವನ ತಲ್ಲಣ. ಈ ಬೆಟ್ಟವಾದರೋ ಈಸ್ಟರ್ ರಜೆಯಲ್ಲಿ ಸ್ಕೀ ಹೊತ್ತು ಹೊರಡುವ ಪ್ರತಿ ಮನೆಯವರೂ ಕಂಡದ್ದು. ರೊಂಡಾನೆ 1962ರಲ್ಲಿ ನಾರ್ವೆಯ ಮೊದಲ ರಾಷ್ಟ್ರೀಯ ಉದ್ಯಾನವಾಯಿತು, ಕಾಡು ಹಿಮಸಾರಂಗಗಳ ನೆಲೆ ಅದು. ಆಟ್ನ ಸರೋವರದ ಹತ್ತಿರ ರಸ್ತೆ ಪಕ್ಕದಲ್ಲಿ ಕಲಾವಿದನ ಹೆಸರಿನಲ್ಲೇ ಒಂದು ವೀಕ್ಷಣಾ ಕಟ್ಟೆಯಿದೆ. ವಾಸ್ತುಶಿಲ್ಪಿ ಕಾರ್ಲ್–ವಿಗ್ಗೊ ಹ್ಯೋಲ್ಮೆಬಾಕ್ ಅದರ ಕಾಂಕ್ರೀಟನ್ನು ಪೈನ್ ಮರಗಳ ನಡುವೆ ಬಳಸಿ ಬಳಸಿ ತಂದಿದ್ದಾನೆ. ಪ್ರವಾಸಿಗರು ಅಲ್ಲಿ ನಿಂತು ಎದುರಿನ ಬೆಟ್ಟವನ್ನೂ ನೆನಪಿನ ಚಿತ್ರವನ್ನೂ ತಾಳೆ ನೋಡುತ್ತಾರೆ.

ದೇಶದ ಚಿತ್ರ ಎನ್ನಿಸಿಕೊಂಡದ್ದರಿಂದ ಅದಕ್ಕೆ ನಷ್ಟವೂ ಆಗಿದೆ. ಲಾಂಛನವಾದ ಚಿತ್ರವನ್ನು ಯಾರೂ ನೋಡುವುದಿಲ್ಲ, ಗುರುತು ಹಿಡಿಯುತ್ತಾರೆ ಅಷ್ಟೇ. ಹದಿನೈದು ವರ್ಷ ಒಬ್ಬನ ನಿದ್ದೆಗೆಡಿಸಿದ ದಿಗಿಲು ಮಗ್ಗಿನ ಮೇಲೆ ಅಚ್ಚಾಗಿ ಬೆಚ್ಚಗಾಗಿಬಿಟ್ಟಿದೆ.

ಕಲಾವಿದರು ಸೋಲ್‌ಬರ್ಗ್‌ನ ಚಿತ್ರಗಳನ್ನು ಬೇರೆ ರೀತಿ ನೋಡಿದರು. 1913ರ ಜನವರಿಯಲ್ಲಿ ಅಮೆರಿಕದ ಬಫಲೊ ನಗರದಲ್ಲಿ ಸ್ಕ್ಯಾಂಡಿನೇವಿಯಾದ ಸಮಕಾಲೀನ ಚಿತ್ರಗಳ ಪ್ರದರ್ಶನ ನಡೆಯಿತು. ಸೋಲ್‌ಬರ್ಗ್‌ನ ಚಿತ್ರಗಳೂ ಅಲ್ಲಿದ್ದವು, ರೊಂಡಾನೆಯ ಬೆಟ್ಟ ಇನ್ನೂ ಮುಗಿದಿರಲಿಲ್ಲ. ಕೆನಡಾದ ಲಾರೆನ್ ಹ್ಯಾರಿಸ್ ಮತ್ತು ಜೆ.ಇ.ಎಚ್. ಮ್ಯಾಕ್‌ಡೊನಾಲ್ಡ್ ಆ ಪ್ರದರ್ಶನ ನೋಡಲು ಹೋಗಿ, ತಮ್ಮ ಉತ್ತರದ ಕಾಡು–ಹಿಮವನ್ನು ಹೀಗೂ ಬರೆಯಬಹುದಲ್ಲ ಎಂಬ ಹುರುಪಿನಿಂದ ಮರಳಿದರು. ಮುಂದೆ ‘ಗ್ರೂಪ್ ಆಫ್ ಸೆವೆನ್’ ಎಂದು ಹೆಸರಾದ ಬಳಗದಲ್ಲಿ ಇಬ್ಬರೂ ಇದ್ದರು.

ಕುಮಾರಕೃಪಾ ರಸ್ತೆಯಲ್ಲಿ ಹಿಮ

ನೀಲಿ ಹಿಮದ ಬೆಟ್ಟಗಳನ್ನು ಅಚ್ಚಿನಲ್ಲಲ್ಲದೆ ನಿಜವಾದ ಬಣ್ಣದಲ್ಲಿ ನೋಡಲು ಕನ್ನಡಿಗರು ಓಸ್ಲೊಗೆ ಹೋಗಲೇಬೇಕೆಂದಿಲ್ಲ. ಬೆಂಗಳೂರಿನ ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ನಿಕೊಲಸ್ ರೋರಿಕ್ ಅವರ ಹಿಮಾಲಯದ ಚಿತ್ರಗಳಿವೆ. ಸೋಲ್‌ಬರ್ಗ್‌ಗಿಂತ ಐದು ವರ್ಷ ಚಿಕ್ಕವರಾದ ರೋರಿಕ್ ಹುಟ್ಟಿದ್ದು 1874ರಲ್ಲಿ, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. 1928ರಿಂದ ಕುಲು ಕಣಿವೆಯ ನಗ್ಗರ್‌ನಲ್ಲಿ ನೆಲೆಸಿ, 1947ರಲ್ಲಿ ಅಲ್ಲೇ ತೀರಿಕೊಂಡರು. ಮಗ ಸ್ವೆತೊಸ್ಲಾವ್ ರೋರಿಕ್, ಚಿತ್ರನಟಿ ದೇವಿಕಾರಾಣಿ ಅವರನ್ನು ಮದುವೆಯಾಗಿ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ಬದುಕಿದ್ದು ನಮ್ಮಲ್ಲಿ ಹಲವರಿಗೆ ಗೊತ್ತು. ತಂದೆಯ ಹಿಮ ಬೆಂಗಳೂರಿಗೆ ಬಂದದ್ದು ಮಗನ ನಂಟಿನಿಂದ.

ಪರಿಷತ್ತಿಗೆ ಹೋದವರು ಚಿತ್ರಗಳಿಗೆ ಆದಷ್ಟು ಹತ್ತಿರ ಹೋಗಿ ಮೇಲ್ಮೈ ನೋಡಬೇಕು. ರೋರಿಕ್ ಬಳಸಿದ ಟೆಂಪೆರಾ ಬಣ್ಣಕ್ಕೆ ಎಣ್ಣೆಯ ಹೊಳಪಿಲ್ಲ. ಒಣಗಿದ ಮೇಲೆ ಸುಣ್ಣ ಬಳಿದ ಗೋಡೆಯ ಹಾಗೆ ಮಂಕಾಗಿ, ಮೆತ್ತಗೆ ಕಾಣುತ್ತದೆ. ನೀಲಿ ಅಲ್ಲಿ ಬೆಳಗುವುದಿಲ್ಲ, ಕೂತಿರುತ್ತದೆ. ಸೋಲ್‌ಬರ್ಗ್‌ನ ನೀಲಿ ಒಂದು ರಾತ್ರಿಯದು, ಒಬ್ಬನ ಕಣ್ಣಿನದು. ರೋರಿಕ್ ಅವರ ನೀಲಿಗೆ ಗಂಟೆ, ತಾರೀಖು ಯಾವುದೂ ಇಲ್ಲ.

ಇನ್ನೊಂದು ವ್ಯತ್ಯಾಸವೂ ಇದೆ. ರೋರಿಕ್ ಅವರ ಹಿಮಾಲಯದಲ್ಲಿ ಎಷ್ಟೋ ಸಲ ಯಾರೋ ಒಬ್ಬರು ಇರುತ್ತಾರೆ: ಗುಹೆಯ ಬಾಯಲ್ಲಿ ಕೂತ ಸಾಧಕ, ಕುದುರೆ ಮೇಲೆ ಹೊರಟ ಸವಾರ, ಬಂಡೆಯಲ್ಲಿ ಕೊರೆದ ದೇವತೆ. ಬೆಟ್ಟ ಎಷ್ಟೇ ದೊಡ್ಡದಿರಲಿ, ಅದಕ್ಕೆ ಒಬ್ಬ ಯಜಮಾನನೋ ಅತಿಥಿಯೋ ಇದ್ದಾನೆ, ದಾರಿ ತಪ್ಪಿದರೆ ಕೇಳಲು ಜನವಿದೆ. ನಾನು ಆ ಚಿತ್ರಗಳನ್ನು ಬಹಳ ಮೆಚ್ಚುತ್ತೇನೆ, ಅವುಗಳ ಎದುರು ಹೆಚ್ಚು ಹೊತ್ತು ಕೂರಲೂ ಬಲ್ಲೆ. ಸೋಲ್‌ಬರ್ಗ್‌ನ ಬೆಟ್ಟದ ಮುಂದೆ ಅಷ್ಟು ನಿರಾಳವಾಗಿ ಕೂರಲಾಗುವುದಿಲ್ಲ. ಅದರ ಮೇಲಿನ ನನ್ನ ಮೆಚ್ಚುಗೆ ಒಂದು ಕೈ ಹೆಚ್ಚಾಗಿರುವುದಕ್ಕೂ ಅದೇ ಕಾರಣ.